ಸಹವಾಸ ಶಿಬಿರ: ರಾತ್ರಿ ಒಂಬತ್ತೂವರೆಯ ನಂತರ ಏನು?

ಪೆರ್ಲ ಕಡೆಯ ಟೀಚರ್ · ಡಿಸೆಂಬರ್ 3

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಗಡಿಭಾಗದ ಒಂದು ಕನ್ನಡ ಮಾಧ್ಯಮ ಎಲ್‌ಪಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರ್. ಜನವರಿ ಎರಡನೇ ವಾರ ನಮ್ಮ ಕ್ಲಾಸಿಗೆ ಸಹವಾಸ ಶಿಬಿರ ಇಡುವುದು ಅಂತ ಪಿಟಿಎ ಮೀಟಿಂಗಿನಲ್ಲಿ ತೀರ್ಮಾನ ಆಗಿದೆ. ಶುಕ್ರವಾರ ಸಂಜೆ ಶುರು, ಶನಿವಾರ ಮಧ್ಯಾಹ್ನ ಮುಕ್ತಾಯ. ಎಲ್ಲಿಗೂ ಹೋಗುವುದಿಲ್ಲ, ಶಾಲೆಯಲ್ಲೇ ಮಲಗುವುದು. ಮಕ್ಕಳು 22. ಹುಡುಗಿಯರು 13, ಹುಡುಗರು 9.

ಕಾರ್ಯಕ್ರಮದ ಪಟ್ಟಿ ಆಗಲೇ ತಯಾರಿದೆ. ಹಾಡು, ಕಾಗದದ ಗೊಂಬೆ, ನಕ್ಷತ್ರ ನೋಡುವುದು, ಕ್ಯಾಂಪ್ ಫೈರ್, ಬೆಳಿಗ್ಗೆ ಗುಡ್ಡೆ ಹತ್ತುವುದು. ಇದೆಲ್ಲ ಎಲ್ಲ ಕಡೆಯೂ ಇರುತ್ತದೆ. ನನ್ನ ತಲೆಬಿಸಿ ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರ ತನಕದ್ದು. ಪಟ್ಟಿಯಲ್ಲಿ ಆ ಎಂಟೂವರೆ ಗಂಟೆಗೆ "ನಿದ್ದೆ" ಅಂತ ಒಂದೇ ಶಬ್ದ ಬರೆದಿದೆ.

ಹಿಂದೆ ನಾನಿದ್ದ ಇನ್ನೊಂದು ಶಾಲೆಯ ಶಿಬಿರದಲ್ಲಿ ಒಬ್ಬಳು ಹುಡುಗಿ ರಾತ್ರಿಯಿಡೀ ಒಂದಕ್ಕೆ ಹೋಗದೆ ತಡೆದುಕೊಂಡು ಕೂತಿದ್ದಳು. ಬೆಳಿಗ್ಗೆ ಕೇಳಿದರೆ "ಟೀಚರ್ ಮಲಗಿದ್ರು" ಅಂದಳು. ಕ್ಲಾಸಿನಲ್ಲಿ ಎಲ್ಲದಕ್ಕೂ ಮೊದಲು ಕೈ ಎತ್ತುವವಳು ಅವಳೇ. ನನಗೆ ಅದು ಇವತ್ತಿಗೂ ಮರೆತಿಲ್ಲ.

ನನ್ನ ಕೈಯಲ್ಲಿ ಐದು ವಾರ ಉಂಟು. ಪಾಠದ ನಡುವೆಯೇ ಮಕ್ಕಳನ್ನು ಆ ರಾತ್ರಿಗೆ ಹೇಗೆ ತಯಾರು ಮಾಡಬಹುದು? ಬೇರೆ ಪೀರಿಯಡ್ ಸಿಗುವುದಿಲ್ಲ. ನಾಲ್ಕನೆಯವರ ಎಲ್‌ಎಸ್‌ಎಸ್ ವಿದ್ಯಾರ್ಥಿವೇತನ ಪರೀಕ್ಷೆಯೂ ತಲೆ ಮೇಲಿದೆ.

ನೀರ್ಚಾಲಿನ ಅಮ್ಮ · ಡಿಸೆಂಬರ್ 3

ಟೀಚರೇ, ಬ್ಯಾಗನ್ನು ಮಕ್ಕಳೇ ತುಂಬಲಿ. ಹೋದ ವರ್ಷ ದೊಡ್ಡವಳ ಬ್ಯಾಗ್ ನಾನೇ ತುಂಬಿ ಕಳಿಸಿದೆ. ಸ್ವೆಟರ್ ಅಡಿಯಲ್ಲಿ ಇತ್ತು. ಅವಳಿಗೆ ಅದು ಇದ್ದದ್ದೇ ಗೊತ್ತಿರಲಿಲ್ಲ, ಚಳಿಯಲ್ಲಿ ನಡುಗುತ್ತಾ ಮಲಗಿದ್ದಾಳೆ! ತಾನೇ ಇಟ್ಟದ್ದಾದರೆ ಕತ್ತಲೆಯಲ್ಲೂ ಕೈ ಹೋಗುತ್ತದೆ.

ಮತ್ತೆ ಎಲ್ಲದಕ್ಕೂ ಹೆಸರು ಬರೆಯಲಿಕ್ಕೆ ಹೇಳಿ. ಟವೆಲ್, ಚೊಂಬು, ಬ್ರಷ್, ಎಲ್ಲದಕ್ಕೂ.

ಆಟದ ಮರುಳ · ಡಿಸೆಂಬರ್ 3

ಇದಕ್ಕೆಲ್ಲ ತಯಾರಿ ಯಾಕೆ ಮಾರಾಯ್ರೆ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಮ್ಮದು. ನಾವು ಸಣ್ಣದಿರುವಾಗ ಬಯಲಾಟಕ್ಕೆ ಹೋಗಿ ಚಾಪೆ ಹಾಸಿ ಮಲಗುತ್ತಿದ್ದೆವು. ಚೆಂಡೆ ಬಡಿಯುವಾಗಲೂ ಎಚ್ಚರ ಆಗುತ್ತಿರಲಿಲ್ಲ. ಈಗಿನ ಮಕ್ಕಳನ್ನು ಹತ್ತಿಯಲ್ಲಿಟ್ಟು ಸಾಕುತ್ತಿದ್ದೀರಿ.

ಉಪ್ಪಳದ ತಾಯಿ · ಡಿಸೆಂಬರ್ 3

ಆಟದಲ್ಲಿ ಮಲಗಿದ್ದು ಅಜ್ಜಿಯ ತೊಡೆ ಮೇಲೆ ಅಲ್ವಾ ಅಣ್ಣ? ಶಾಲೆಯಲ್ಲಿ ಯಾರ ತೊಡೆ?

ಆಟದ ಮರುಳ · ಡಿಸೆಂಬರ್ 3

ಅದು ಹೌದು.

ಬೆಂಗಳೂರು ಸೇರಿದವನು · ಡಿಸೆಂಬರ್ 4

ನನ್ನ ಹೆಂಡತಿ ಹಾಸನದವಳು. ಇದನ್ನು ಓದಿ "ಎಲ್‌ಪಿ ಅಂದ್ರೆ ಏನು, ಸಹವಾಸ ಅಂದ್ರೆ ಏನು?" ಅಂತ ಕೇಳಿದಳು. ಅವಳ ಹಾಗೆ ಹೊರಗಿನವರು ಇದ್ದರೆ ಅವರಿಗೆ: ಕೇರಳದಲ್ಲಿ 1ರಿಂದ 4 ಎಲ್‌ಪಿ, 5ರಿಂದ 7 ಯುಪಿ. ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಉಂಡು, ಆಡಿ, ಉಳಿಯುವ ಶಿಬಿರಕ್ಕೆ ಸಹವಾಸ ಕ್ಯಾಂಪ್ ಅನ್ನುತ್ತಾರೆ. ನಾಲ್ಕನೆಯವರಿಗೆ ಅದು ಆ ಶಾಲೆಯ ಕೊನೆಯ ವರ್ಷ. ಹಾಗಾಗಿ ಸ್ವಲ್ಪ ಬೀಳ್ಕೊಡುಗೆಯೂ ಹೌದು. ನನಗೆ ನನ್ನ ಶಿಬಿರದಲ್ಲಿ ಕಲಿತದ್ದು ಒಂದೂ ನೆನಪಿಲ್ಲ. ಗೋಧಿ ಉಪ್ಪಿಟ್ಟಿನ ವಾಸನೆ ಮಾತ್ರ ನೆನಪಿದೆ.

ನಿವೃತ್ತ ಮಾಷ್ಟ್ರು, ಬದಿಯಡ್ಕ · ಡಿಸೆಂಬರ್ 4

ಟೀಚರ್ ಹೇಳಿದ ಆ ಹುಡುಗಿಯ ವಿಷಯ ಓದಿ ನಿನ್ನೆ ನಿದ್ದೆ ಬರಲಿಲ್ಲ. ನನ್ನ ಅನುಭವದಲ್ಲಿ ಇದಕ್ಕೊಂದು ಕಾರಣ ಉಂಟು. ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಕನ್ನಡ ಹಗಲಿನ ಭಾಷೆ. ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗಿನದ್ದು. ಪದ್ಯ, ಮಗ್ಗಿ, "ಹೌದು ಟೀಚರ್", "ಇಲ್ಲ ಟೀಚರ್". ಮನೆಗೆ ಹೋದರೆ ತುಳು, ಬ್ಯಾರಿ, ಮಲೆಯಾಳ, ಹವ್ಯಕ, ಕೊಂಕಣಿ, ಮರಾಟಿ. ಹೊಟ್ಟೆನೋವು, ಹೆದರಿಕೆ, ಬಾಯಾರಿಕೆ ಎಲ್ಲ ಆ ಭಾಷೆಯಲ್ಲೇ ಬೆಳೆದದ್ದು. ಹಗಲು ಹೊಟ್ಟೆನೋವಾದರೆ ಮಗು ಯೋಚಿಸಿ ಕನ್ನಡಕ್ಕೆ ತಿರುಗಿಸಿ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ, ಅರ್ಧ ನಿದ್ದೆಯಲ್ಲಿ, ಕತ್ತಲೆಯಲ್ಲಿ, ತಿರುಗಿಸಲಿಕ್ಕೆ ಆಗುವುದಿಲ್ಲ. ಬಾಯಿಗೆ ಬಂದದ್ದು ಶಾಲೆಯ ಮಾತಲ್ಲ. ಹೇಳಿದರೆ ತಪ್ಪಾದೀತು ಅಂತ ಸುಮ್ಮನೆ ಕೂರುತ್ತದೆ.

ನನ್ನ ಒಬ್ಬ ವಿದ್ಯಾರ್ಥಿ ಶಿಬಿರದ ರಾತ್ರಿ ಬಂದು ನನ್ನ ಕಾಲ ಬಳಿ ನಿಂತ. "ಏನು?" ಅಂದೆ. ಮಾತಿಲ್ಲ. "ಏನಾಯ್ತು ಹೇಳು" ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅಳಲಿಕ್ಕೆ ಶುರು ಮಾಡಿದ. ಕೊನೆಗೆ ಅಡುಗೆಯ ಅಕ್ಕ ಎದ್ದು ಬಂದು ತುಳುವಿನಲ್ಲಿ ಒಂದೇ ಮಾತು ಕೇಳಿದರು. "ಬಂಜಿಬೇನೆ" ಅಂದ. ಹೊಟ್ಟೆನೋವು, ಅಷ್ಟೇ ವಿಷಯ. ನನಗೆ ತುಳು ಚೆನ್ನಾಗಿ ಬರುತ್ತದೆ. ಆದರೆ ಮಾಷ್ಟ್ರ ಹತ್ತಿರ ತುಳು ಮಾತಾಡಬಹುದು ಅಂತ ಅವನಿಗೆ ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ತೋರಿಸಿಕೊಟ್ಟಿರಲಿಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ಭಾಷಾ ಪೀರಿಯಡಿನಲ್ಲಿ ರಾತ್ರಿಗೆ ಬೇಕಾದ ಹತ್ತು ಮಾತುಗಳನ್ನು ಮಕ್ಕಳ ಬಾಯಿಂದಲೇ ತೆಗೆಸಿ. ಒಂದಕ್ಕೆ ಹೋಗಬೇಕು, ಹೆದರಿಕೆ ಆಗುತ್ತದೆ, ನೀರು ಬೇಕು, ಚಳಿ ಆಗುತ್ತದೆ, ಹೊಟ್ಟೆನೋವು, ಅಮ್ಮನ ನೆನಪಾಗುತ್ತದೆ, ಹೀಗೆ. ಪ್ರತಿಯೊಂದೂ ಕ್ಲಾಸಿನಲ್ಲಿರುವ ಎಲ್ಲ ಮನೆಮಾತುಗಳಲ್ಲಿ. ಕನ್ನಡ ಲಿಪಿಯಲ್ಲೇ ದೊಡ್ಡ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿ. ಮತ್ತೆ ನೀವೇ ತಪ್ಪುತಪ್ಪಾಗಿ ಅವರ ಭಾಷೆಯಲ್ಲಿ ಹೇಳಿ, ಅವರು ನಗಲಿ, ತಿದ್ದಲಿ. ತಿದ್ದಿದ ಮಗುವಿಗೆ ನಿಮ್ಮ ಹತ್ತಿರ ಆ ಭಾಷೆಯಲ್ಲಿ ಮಾತಾಡಲು ಮತ್ತೆ ನಾಚಿಕೆ ಇರುವುದಿಲ್ಲ.

ಕುಂಬಳೆಯ ನರ್ಸ್ · ಡಿಸೆಂಬರ್ 5

ಮಾಷ್ಟ್ರು ಹೇಳಿದ ಹೊಟ್ಟೆನೋವಿನ ಕಥೆಗೆ ನಾನೊಂದು ಸೇರಿಸಬೇಕು. ನೆಲದಲ್ಲಿ ಮಲಗಿದ ಮಗು ರಾತ್ರಿ ಹೊಟ್ಟೆನೋವು ಅಂದರೆ ಸುಮ್ಮನೆ ಶುಂಠಿ ಕಷಾಯ ಕೊಟ್ಟು ಮಲಗಿಸಬೇಡಿ. ಕಟ್ಟುಹಾವು ರಾತ್ರಿ ಹೊತ್ತಿನಲ್ಲಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದು ಜಾಸ್ತಿ. ಹೆಚ್ಚಾಗಿ ಕಚ್ಚಿದ ಜಾಗ ನೋಯುವುದೂ ಇಲ್ಲ, ಊದುವುದೂ ಇಲ್ಲ. ಎಷ್ಟೋ ಸಲ ಮೊದಲ ಲಕ್ಷಣ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಇಳಿಯುತ್ತದೆ, ನುಂಗಲು ಕಷ್ಟ ಆಗುತ್ತದೆ. ಆಗ ತಡ ಮಾಡಿದರೆ ಉಸಿರಾಟಕ್ಕೇ ತೊಂದರೆ.

ಹೆದರಿಸಲು ಹೇಳುತ್ತಿಲ್ಲ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ಕ್ಲಾಸಿನ ಹುಡುಗಿಗೆ ತರಗತಿಯೊಳಗೇ ಹಾವು ಕಚ್ಚಿ ಜೀವ ಹೋದದ್ದು ನಿಮಗೆಲ್ಲ ನೆನಪಿರಬಹುದು. ಶಿಬಿರಕ್ಕೆ ಮೊದಲು ಕೋಣೆಯ ಮೂಲೆ, ಗೋಡೆಯ ಬಿರುಕು, ಸೌದೆ ರಾಶಿ ನೋಡಿ. ಆದಷ್ಟು ಡೆಸ್ಕ್ ಜೋಡಿಸಿ ಅದರ ಮೇಲೆ ಮಲಗಿಸಿ. ನೆಲದಲ್ಲೇ ಆದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿ. ಹಾವಿನ ವಿಷಕ್ಕೆ ಆಂಟಿವೆನಮ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಒಂದು ವಾಹನ, ಒಬ್ಬ ಡ್ರೈವರ್ ರಾತ್ರಿಯಿಡೀ ಶಾಲೆಯಲ್ಲೇ ಇರಲಿ. 108 ಆಂಬುಲೆನ್ಸಿಗೆ ಕಾಯುತ್ತಾ ಕೂರುವ ಹಾಗಾಗಬಾರದು.

ಇನ್ನು ಹಾಸಿಗೆ ಒದ್ದೆ ಮಾಡುವ ವಿಷಯ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಹತ್ತು ವರ್ಷಕ್ಕೆ ಬರುವಾಗ ಅದು ಸುಮಾರು ಐದಕ್ಕೆ ಇಳಿಯುತ್ತದೆ. ನಿಮ್ಮ 22 ಮಕ್ಕಳಲ್ಲಿ ಒಬ್ಬರು ಇದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ಅದು ಸೋಮಾರಿತನ ಅಲ್ಲ, ಹಠ ಅಲ್ಲ, ಬೈದರೆ ಹೋಗುವುದೂ ಅಲ್ಲ. ತಾಯಂದಿರ ಹತ್ತಿರ ಒಬ್ಬೊಬ್ಬರಾಗಿ ಕೇಳಿ, ಸಭೆಯಲ್ಲಿ ಬೇಡ. ಮಲಗುವ ಮೊದಲು ಎಲ್ಲರನ್ನೂ ಸಾಲಾಗಿ ಕಳಿಸಿ, ಹನ್ನೊಂದೂವರೆಗೆ ಆ ಮಗುವನ್ನು ಮೆಲ್ಲ ಎಬ್ಬಿಸಿ. ಒಂದು ಜೊತೆ ಬಟ್ಟೆ ನಿಮ್ಮ ಬ್ಯಾಗಿನಲ್ಲೇ ಇರಲಿ.

ನಾಲ್ಕನೇ ಕ್ಲಾಸಿನಲ್ಲಿ ಒಂದಿಬ್ಬರು ಹುಡುಗಿಯರು ಮುಟ್ಟಾಗುವ ವಯಸ್ಸಿಗೆ ಹತ್ತಿರ ಇರುತ್ತಾರೆ. ಪ್ಯಾಡ್ ತಂದಿಡಿ. ಅದು ಎಲ್ಲಿದೆ ಅಂತ ಹುಡುಗಿಯರಿಗೆ ಮೊದಲೇ ಹೇಳಿ. ಫಿಟ್ಸ್, ಉಬ್ಬಸ, ಅಲರ್ಜಿ ಇರುವ ಮಕ್ಕಳ ಮದ್ದನ್ನು ಮನೆಯವರು ಬರೆದುಕೊಟ್ಟ ಚೀಟಿ ಸಮೇತ ನೀವೇ ಇಟ್ಟುಕೊಳ್ಳಿ.

ಹೆಸರು ಬೇಡ · ಡಿಸೆಂಬರ್ 5

ನರ್ಸಕ್ಕ, ನನ್ನ ಮಗನಿಗೆ ಒಂಬತ್ತು ವರ್ಷ. ಇದೇ ಕಾರಣಕ್ಕೆ ಶಿಬಿರಕ್ಕೆ ಕಳಿಸುವುದಿಲ್ಲ ಅಂತ ಇದ್ದೆ. ಅವನಿಗೆ ಜ್ವರ ಅಂತ ಸುಳ್ಳು ಹೇಳುವ ಅಂತ ಗಂಡನೂ ನಾನೂ ಮಾತಾಡಿಕೊಂಡಿದ್ದೆವು. ಈಗ ಟೀಚರ್ ಹತ್ತಿರ ಮಾತಾಡುತ್ತೇನೆ.

ಶಾರ್ಜಾದಲ್ಲಿರುವ ಅಪ್ಪ · ಡಿಸೆಂಬರ್ 6

ನನ್ನ ಮಗಳು ಇದೇ ವಯಸ್ಸಿನವಳು, ಬೇರೆ ಶಾಲೆ. ನಾನು ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ ಅವಳನ್ನು ಮಲಗಿಸುವುದು. ಒಂದು ದಿನ ತಪ್ಪಿದರೂ ಗಲಾಟೆ. ಶಿಬಿರಗಳಲ್ಲಿ ಮಕ್ಕಳಿಗೆ ಮೊಬೈಲ್ ಬೇಡ ಅನ್ನುತ್ತಾರಲ್ಲ, ಆ ನಿಯಮ ಯಾಕೆ? ಐದು ನಿಮಿಷ ಮಾತಾಡಿದರೆ ಮಗುವಿಗೂ ಸಮಾಧಾನ, ನಮಗೂ ಸಮಾಧಾನ.

ನಿವೃತ್ತ ಮಾಷ್ಟ್ರು, ಬದಿಯಡ್ಕ · ಡಿಸೆಂಬರ್ 6

ನಿಮಗೆ ಸಮಾಧಾನ ಆಗಬಹುದು. 22 ಮಕ್ಕಳ ಮಧ್ಯೆ ಒಬ್ಬಳಿಗೆ ಫೋನ್ ಬಂದರೆ ಉಳಿದ 21 ಮಕ್ಕಳಿಗೂ ಆಗಲೇ ಅಮ್ಮನ ನೆನಪು ಶುರು.

ಕುಂಬಳೆಯ ನರ್ಸ್ · ಡಿಸೆಂಬರ್ 6

ಅಣ್ಣ, ಬೇಜಾರು ಮಾಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2007ರಲ್ಲಿ ಮನೆ ನೆನಪಾಗಿ ಕೊರಗುವ ಮಕ್ಕಳ ಬಗ್ಗೆ ಒಂದು ವರದಿ ಪ್ರಕಟಿಸಿತ್ತು. ಅಲ್ಲಿ ಮಕ್ಕಳು ವಾರಗಟ್ಟಲೆ ಬೇಸಿಗೆ ಶಿಬಿರಕ್ಕೆ ಹೋಗುತ್ತಾರೆ, ಹಾಗಾಗಿ ಅವರಿಗೆ ಇದರ ಅನುಭವ ಜಾಸ್ತಿ. ಅದರಲ್ಲಿ ಮುಖ್ಯವಾಗಿ ಹೇಳಿದ್ದು ಎರಡು. "ಬೇಜಾರಾದರೆ ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ" ಅಂತ ಮೊದಲೇ ಮಾತು ಕೊಡಬೇಡಿ. ಕೊಟ್ಟರೆ "ನಿನ್ನಿಂದ ಇದು ಆಗಲಿಕ್ಕಿಲ್ಲ" ಅಂತ ಹೇಳಿದ ಹಾಗೆ. ಇನ್ನೊಂದು, ಮೊದಲು ಸಣ್ಣ ಅಭ್ಯಾಸ ಆಗಲಿ. ಅಜ್ಜನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಒಂದೆರಡು ರಾತ್ರಿ ಅಪ್ಪ ಅಮ್ಮ ಇಲ್ಲದೆ ಮಲಗಲಿ. ಮನೆ ನೆನಪಾಗುವುದು ತಪ್ಪಲ್ಲ, ಎಲ್ಲರಿಗೂ ಆಗುತ್ತದೆ ಅಂತ ಹೇಳಿ ಕಳಿಸಿ.

ಶಾರ್ಜಾದಲ್ಲಿರುವ ಅಪ್ಪ · ಡಿಸೆಂಬರ್ 6

ಸರಿ. ಆದರೆ ರಾತ್ರಿ ಮಲಗಿದ ಮೇಲೆ ಟೀಚರ್ ಒಂದು ಮೆಸೇಜ್ ಹಾಕಬೇಕು. ಅಷ್ಟು ಕೇಳುವುದು ತಪ್ಪಾ?

ಪೆರ್ಲ ಕಡೆಯ ಟೀಚರ್ · ಡಿಸೆಂಬರ್ 6

ತಪ್ಪಲ್ಲ. ಕ್ಲಾಸಿನ ಗ್ರೂಪಿಗೆ ಹತ್ತು ಗಂಟೆಗೊಂದು, ಬೆಳಿಗ್ಗೆ ಆರಕ್ಕೊಂದು ಮೆಸೇಜ್ ಹಾಕುತ್ತೇನೆ ಅಂತ ನಮ್ಮ ತಾಯಂದಿರಿಗೂ ಹೇಳಿದ್ದೇನೆ. ಫೋಟೋ ಇಲ್ಲ. ಮಲಗಿದ ಮಕ್ಕಳ ಫೋಟೋ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಉಪ್ಪಳದ ತಾಯಿ · ಡಿಸೆಂಬರ್ 7

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆಯ ಶಿಬಿರದಲ್ಲಿ ಇದಕ್ಕೇ ಜಗಳ ಆಗಿತ್ತು. ಕೋಳಿ ಬೇಕು ಅಂತ ಕೆಲವರು, ಮೊಟ್ಟೆಯ ಪಾತ್ರೆಯೇ ಬೇಡ ಅಂತ ಕೆಲವರು. ಕೊನೆಗೆ ಮಕ್ಕಳನ್ನೇ ಕೇಳಿದೆವು. ಅವರಿಗೆ ಬೇಕಾದ್ದು ಪರೋಟ! ಒಂದು ರಾತ್ರಿ ಎಲ್ಲರೂ ತಿನ್ನುವಂಥದ್ದು ಮಾಡಿ, ಒಂದೇ ಪಾತ್ರೆಯಿಂದ ಬಡಿಸಿ. ಮದ್ರಸಕ್ಕೆ ಹೋಗುವ ಮಕ್ಕಳು ಬೆಳಿಗ್ಗೆ ಬೇಗ ಏಳುತ್ತಾರೆ. ನಮಾಜಿಗೆ ಒಂದು ಮೂಲೆ, ಒಂದು ಚಾಪೆ ಇಟ್ಟರೆ ಸಾಕು. ಅವರನ್ನು "ಇನ್ನೂ ಮಲಗು" ಅಂತ ಗದರಬೇಡಿ.

ಅಡುಗೆಯ ಅಕ್ಕ · ಡಿಸೆಂಬರ್ 7

ನಾನು ಹನ್ನೊಂದು ವರ್ಷದಿಂದ ಶಾಲೆಯಲ್ಲಿ ಅಡುಗೆ ಮಾಡುವವಳು. ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ. ರಾತ್ರಿಗೆ ಗಂಜಿ, ಹೆಸರುಕಾಳಿನ ಪಲ್ಯ, ಹಪ್ಪಳ, ಉಪ್ಪಿನಕಾಯಿ ಸಾಕು. ಖಾರ ಕಮ್ಮಿ. ಹೊಸ ಜಾಗದಲ್ಲಿ ಮಕ್ಕಳು ರಾತ್ರಿ ಜಾಸ್ತಿ ತಿನ್ನುವುದಿಲ್ಲ, ಬೆಳಿಗ್ಗೆ ಎರಡರಷ್ಟು ತಿನ್ನುತ್ತಾರೆ. ಬೆಳಿಗ್ಗೆಗೆ ಜಾಸ್ತಿ ಮಾಡಿ.

ಮುಳ್ಳೇರಿಯದ ಅಪ್ಪ · ಡಿಸೆಂಬರ್ 8

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನೇರ ಕೇಳುತ್ತೇನೆ. ಎಲ್‌ಎಸ್‌ಎಸ್ ಹತ್ತಿರ ಬಂತು. ಐದು ವಾರ ಚಾರ್ಟು, ಬ್ಯಾಗು, ಗಂಜಿ ಅಂತ ಕಳೆದರೆ ಗಣಿತ ಯಾರು ಕಲಿಸುವುದು?

ಪೆರ್ಲ ಕಡೆಯ ಟೀಚರ್ · ಡಿಸೆಂಬರ್ 8

ಒಳ್ಳೆಯ ಪ್ರಶ್ನೆ ಸರ್. ಇವತ್ತಿನ ಗಣಿತ ಪೀರಿಯಡ್ ಹೇಗಾಯಿತು ಅಂತ ಹೇಳುತ್ತೇನೆ.

ಮಧ್ಯಾಹ್ನದ ಊಟಕ್ಕೆ ಪ್ರೈಮರಿ ಮಕ್ಕಳಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ ಅಂತ ಲೆಕ್ಕ ಇದೆ. ಅದನ್ನು ಬೋರ್ಡಿನಲ್ಲಿ ಬರೆದೆ. "ನಮ್ಮ ರಾತ್ರಿಯ ಗಂಜಿಗೆ ಎಷ್ಟು ಬೇಕು?" ಅಂತ ಕೇಳಿದೆ. ಅಕ್ಕಿ 2 ಕೆಜಿ 200 ಗ್ರಾಂ, ಹೆಸರುಕಾಳು 440 ಗ್ರಾಂ, ತರಕಾರಿ 1 ಕೆಜಿ 100 ಗ್ರಾಂ ಅಂತ ಬಂತು. ಒಬ್ಬಳು ಎದ್ದು ನಿಂತು "ದೊಡ್ಡವರು ಐದು ಜನ ಇದ್ದಾರಲ್ಲ ಟೀಚರ್, ಅವರು ಉಪವಾಸವಾ?" ಅಂದಳು. ದೊಡ್ಡವರಿಗೆ 150 ಗ್ರಾಂ ಅಂತ ಇಟ್ಟುಕೊಂಡು ಮತ್ತೆ ಶುರುವಿನಿಂದ ಮಾಡಿದೆವು. 2 ಕೆಜಿ 950 ಗ್ರಾಂ. ಕೆಜಿಯಿಂದ ಗ್ರಾಂ, ಗುಣಾಕಾರ, ಕೂಡಿಸುವುದು, ಎಲ್ಲ ಒಂದೇ ಲೆಕ್ಕದಲ್ಲಿ ಬಂತು.

ನಾಳೆ ಗಡಿಯಾರ. ಒಂಬತ್ತೂವರೆಗೆ ಮಲಗಿದರೆ ಆರು ಗಂಟೆಗೆ ಎಷ್ಟು ಹೊತ್ತಾಗುತ್ತದೆ? ಇದು ಎಲ್‌ಎಸ್‌ಎಸ್ ಪ್ರಶ್ನೆಯೂ ಹೌದು. ನಿದ್ದೆ ಬಾರದ ಮಗು ರಾತ್ರಿ ನಿಜವಾಗಿ ಕೇಳುವ ಪ್ರಶ್ನೆಯೂ ಹೌದು.

ಮುಳ್ಳೇರಿಯದ ಅಪ್ಪ · ಡಿಸೆಂಬರ್ 8

ಮಾತು ವಾಪಸ್ ತಗೊಂಡೆ.

ಬೆಂಗಳೂರು ಸೇರಿದವನು · ಡಿಸೆಂಬರ್ 9

ಗಡಿಯಾರದ ಮಾತು ಬಂತಲ್ಲ, ಆಕಾಶವನ್ನೇ ಗಡಿಯಾರ ಮಾಡಬಹುದು ಟೀಚರ್. ಜನವರಿ ಮಧ್ಯದಲ್ಲಿ ರಾತ್ರಿ ಎಂಟಕ್ಕೆ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಪೂರ್ವದ ಕಡೆ ಮಹಾವ್ಯಾಧ ನಕ್ಷತ್ರಪುಂಜ, ಸೊಂಟದಲ್ಲಿ ಮೂರು ನಕ್ಷತ್ರ ಸಾಲಾಗಿ. ಅದನ್ನು ತೋರಿಸಿಕೊಟ್ಟರೆ ಮಕ್ಕಳು ಮತ್ತೆ ಮರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಾರಾದರೂ ಎದ್ದರೆ ಮಹಾವ್ಯಾಧ ಪಶ್ಚಿಮಕ್ಕೆ ಇಳಿದಿರುತ್ತದೆ. ಬೆಳಗಿನ ಜಾವ ಐದೂವರೆಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಮೇಲೆ ಬಂದಿರುತ್ತದೆ. ಅದು ಅಷ್ಟು ಮೇಲೆ ಕಂಡರೆ ಇನ್ನು ಬೆಳಗಾಯಿತು ಅಂತ ಅರ್ಥ. ನಮ್ಮಲ್ಲಿ ಆಗ ಸೂರ್ಯ ಹುಟ್ಟುವುದು ಏಳು ಗಂಟೆಯ ಆಸುಪಾಸು.

ಒಂದು ಗೋಳು. ಪೇಟೆ ಶಾಲೆಯಲ್ಲಿ ಇದೆಲ್ಲ ಕಾಣುವುದಿಲ್ಲ. ನಿಮ್ಮಲ್ಲಿ ಕಾಣುತ್ತದೆ. ನನಗೆ ಹೊಟ್ಟೆಕಿಚ್ಚು.

ಹಳೆ ವಿದ್ಯಾರ್ಥಿ · ಡಿಸೆಂಬರ್ 10

ಕ್ಯಾಂಪ್ ಫೈರ್ ಹತ್ತಿರ ಕುಲೆ (ಪ್ರೇತ) ಕಥೆ ಹೇಳುವವರನ್ನು ದಯವಿಟ್ಟು ತಡೆಯಿರಿ. ನಮ್ಮ ಶಿಬಿರದಲ್ಲಿ ಒಬ್ಬರು ದೊಡ್ಡವರು ಬಾವಿಕಟ್ಟೆಯ ಮೇಲೆ ಬಿಳಿ ಸೀರೆ ಅಂತ ಶುರು ಮಾಡಿದರು. ಶೌಚಾಲಯ ಇದ್ದದ್ದು ಬಾವಿಯ ಆಚೆ. ಆ ರಾತ್ರಿ ಒಬ್ಬರೂ ಹೋಗಲಿಲ್ಲ. ಬೆಳಿಗ್ಗೆ ಏನಾಗಿರಬಹುದು ಅಂತ ನೀವೇ ಯೋಚಿಸಿ.

ಅದರ ಬದಲು ರಾತ್ರಿಯ ಸದ್ದುಗಳನ್ನು ಮೊದಲೇ ಪರಿಚಯ ಮಾಡಿಸಿ. ಹಂಚಿನ ಮೇಲೆ ಓಡುವುದು ಇಲಿ ಅಥವಾ ಬೆರು ಅನ್ನುವ ಕಾಡುಬೆಕ್ಕು. ಗೇರುಮರದಲ್ಲಿ ಪಟಪಟ ಅನ್ನುವುದು ಬಾವಲಿ. ದೂರದಲ್ಲಿ ಊಳಿಡುವುದು ನರಿ. ಯಾವುದು ಏನು ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಕಮ್ಮಿ.

ಎಣ್ಮಕಜೆಯ ತಾಯಿ · ಡಿಸೆಂಬರ್ 11

ನನ್ನ ಮಗ ಗಾಲಿಕುರ್ಚಿಯಲ್ಲಿ ಶಾಲೆಗೆ ಬರುತ್ತಾನೆ. ಪ್ರವಾಸ, ಶಿಬಿರ ಅಂದಾಗಲೆಲ್ಲ "ಅವನಿಗೆ ಕಷ್ಟ ಆಗ್ತದೆ ಅಲ್ವಾ" ಅಂತ ನಯವಾಗಿ ಬಿಟ್ಟುಬಿಡುತ್ತಾರೆ. ಹಗಲಿಡೀ ಕ್ಲಾಸಿನಲ್ಲಿ ಕೂರುವವನಿಗೆ ರಾತ್ರಿ ಎಂಟು ಗಂಟೆ ಮಲಗುವುದು ಯಾಕೆ ಕಷ್ಟ? ಅವನನ್ನು ಎತ್ತಿ ಮಲಗಿಸಲು, ಮಗ್ಗುಲು ಬದಲಿಸಲು ಒಬ್ಬರು ಬೇಕು. ಅದು ನಾನೇ ಆಗುತ್ತೇನೆ, ಪಕ್ಕದ ಕೋಣೆಯಲ್ಲಿ ಇರುತ್ತೇನೆ. ಟೀಚರೇ, ನಿಮ್ಮ ಕ್ಲಾಸಿನಲ್ಲಿ ಇಂಥ ಮಗು ಇದ್ದರೆ ಅವನನ್ನೇ ಮೊದಲು ಕೇಳಿ.

ಪೆರ್ಲ ಕಡೆಯ ಟೀಚರ್ · ಡಿಸೆಂಬರ್ 20

ಇಷ್ಟು ದಿನ ಬರಲಿಕ್ಕಾಗಲಿಲ್ಲ, ಪರೀಕ್ಷೆ ಇತ್ತು. ಏನೇನಾಯಿತು ಅಂತ ಹೇಳುತ್ತೇನೆ.

ಮಾಷ್ಟ್ರು ಹೇಳಿದ ಚಾರ್ಟ್ ಆಯಿತು. ಮೊದಲು ಮನೆಮಾತು ಕೇಳಿದೆ. ತುಳು 8, ಮಲೆಯಾಳ 4, ಬ್ಯಾರಿ 4, ಹವ್ಯಕ 3, ಮರಾಟಿ 2, ಕೊಂಕಣಿ 1. ಒಟ್ಟು 22. ಕನ್ನಡ ಅಂತ ಹೇಳಿದವರು ಒಬ್ಬರೂ ಇಲ್ಲ. ಕನ್ನಡ ಶಾಲೆಯಲ್ಲಿ!

"ಹೆದರಿಕೆ ಆಗುತ್ತದೆ" ಎನ್ನುವುದಕ್ಕೆ ಹವ್ಯಕರ ಹುಡುಗಿ "ಹೆದರಿಕೆ ಆವ್ತು" ಅಂದಳು. ತುಳುವಿನವರು "ಪೋಡಿಗೆ ಆಪುಂಡು" ಅಂದರು. ಮಲೆಯಾಳದವರು "ಪೇಡಿಯಾವುನ್ನು". ಬಾಯಾರಿಕೆಗೆ ತುಳುವಿನಲ್ಲಿ ಬಾಜೆಲ್, ಹವ್ಯಕದಲ್ಲಿ ಆಸರು. ನಾನು "ಬಾಜೆಲ್" ಅಂತ ಹೇಳಿದ ರೀತಿಗೆ ಇಡೀ ಕ್ಲಾಸು ನಕ್ಕಿತು. ಮೂರು ದಿನ ಅದೇ ನಗೆ. ಸುಮ್ಮನೆ ಇರುತ್ತಿದ್ದ ಒಬ್ಬ ಹುಡುಗ ಈಗ ನನ್ನನ್ನು ತಿದ್ದಲಿಕ್ಕೆಂದೇ ಹತ್ತಿರ ಬರುತ್ತಾನೆ.

ಇನ್ನೊಂದು ಕೆಲಸ ಮಾಡಿದೆವು. ಮಲಗುವ ಕೋಣೆಯಿಂದ ಶೌಚಾಲಯಕ್ಕೆ ದಾರಿಯ ನಕ್ಷೆ. ಪ್ರತಿ ಮಗುವೂ ಹೆಜ್ಜೆ ಎಣಿಸಿತು. ಹೆಚ್ಚಿನವರಿಗೆ 61ರ ಆಚೀಚೆ, ನನಗೆ 44. "ಯಾಕೆ ಟೀಚರ್‌ಗೆ ಕಮ್ಮಿ?" ಎನ್ನುವುದರಿಂದ ಅಳತೆಯ ಪಾಠ ಶುರುವಾಯಿತು. ಹೆಜ್ಜೆಯಲ್ಲಿ ಅಳೆದರೆ ಎಲ್ಲರಿಗೂ ಬೇರೆ, ಮೀಟರಿನಲ್ಲಿ ಅಳೆದರೆ ಒಂದೇ. ದಾರಿಯಲ್ಲಿ ಎರಡು ಮೆಟ್ಟಿಲು, ಒಂದು ತೆಂಗಿನಮರ, ನಲ್ಲಿ. ಎಲ್ಲ ನಕ್ಷೆಯಲ್ಲಿ ಬಂತು.

ನೀರ್ಚಾಲಿನ ಅಮ್ಮ · ಡಿಸೆಂಬರ್ 20

ಹವ್ಯಕವೂ ಕನ್ನಡವೇ ಅಲ್ದಾ ಟೀಚರೇ? ಹಾಗಾದರೆ ಕನ್ನಡ 3 ಅಂತ ಬರೆಯಿರಿ.

ಪೆರ್ಲ ಕಡೆಯ ಟೀಚರ್ · ಡಿಸೆಂಬರ್ 20

ನೀವು ಹೇಳುವುದು ಸರಿ. ಆದರೆ ಆ ಮೂವರೇ "ಎಂಗಳದ್ದು ಹವ್ಯಕ" ಅಂದದ್ದು. ಅವರ ಹತ್ತಿರ ವಾದ ಮಾಡಲಿಕ್ಕೆ ನನಗೆ ಧೈರ್ಯ ಇಲ್ಲ.

ಕುಂಬಳೆಯ ನರ್ಸ್ · ಡಿಸೆಂಬರ್ 21

ಒಂದು ಮರೆತಿದ್ದೆ. ಹುಡುಗಿಯರ ಕೋಣೆಯಲ್ಲಿ ಇಬ್ಬರು ಹೆಂಗಸರು, ಹುಡುಗರ ಕೋಣೆಯಲ್ಲೂ ಇಬ್ಬರು ದೊಡ್ಡವರು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿ ಒಬ್ಬರೇ ಇರಬಾರದು. ಪಿಟಿಎಯವರು, ಹಳೆ ವಿದ್ಯಾರ್ಥಿಗಳು, ಯಾರೇ ಆಗಲಿ. ಯಾರ ಮೇಲೂ ಸಂಶಯ ಅಂತಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ ಪೋಕ್ಸೋ ಕಾಯಿದೆ 2012ರಿಂದ ಇದೆ, ಆದರೆ ಕಾಯಿದೆ ಬರುವುದು ಎಲ್ಲ ಆದ ಮೇಲೆ. ಮಕ್ಕಳಿಗೆ "ಬೇಡ" ಅಂತ ಗಟ್ಟಿಯಾಗಿ ಹೇಳಲು ಕ್ಲಾಸಿನಲ್ಲೇ ಅಭ್ಯಾಸ ಮಾಡಿಸಿ. ಮಕ್ಕಳ ಸಹಾಯವಾಣಿ 1098 ನಂಬರ್ ಬಾಯಿಪಾಠ ಆಗಲಿ.

ಪೆರ್ಲ ಕಡೆಯ ಟೀಚರ್ · ಡಿಸೆಂಬರ್ 21

ಆ "ಬೇಡ" ಶಬ್ದವನ್ನೂ ಚಾರ್ಟಿಗೆ ಸೇರಿಸುತ್ತೇನೆ. ಹನ್ನೊಂದನೆಯದ್ದು.

ಪೆರ್ಲ ಕಡೆಯ ಟೀಚರ್ · ಜನವರಿ, ಶಿಬಿರ ಮುಗಿದ ಭಾನುವಾರ

ಮುಗಿಯಿತು. ಕಣ್ಣು ಉರಿಯುತ್ತಿದೆ, ಆದರೂ ಬರೆಯುತ್ತೇನೆ.

ಬಂದದ್ದು 21. ಒಬ್ಬಳಿಗೆ ನಿಜವಾಗಿ ಜ್ವರ. ಕ್ಯಾಂಪ್ ಫೈರ್ ಸರಿಯಾಗಲಿಲ್ಲ, ಸೌದೆ ಹಸಿ. ಬರೀ ಹೊಗೆ. ಟಾರ್ಚುಗಳ ಬ್ಯಾಟರಿ ಊಟಕ್ಕೆ ಮೊದಲೇ ಖಾಲಿ, ಒಬ್ಬರ ಮುಖಕ್ಕೆ ಒಬ್ಬರು ಬಿಟ್ಟುಕೊಂಡು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಮುಂದಿನ ಸಲ ಬ್ಯಾಟರಿ ನಾನೇ ಇಟ್ಟುಕೊಳ್ಳುವುದು. ಗಂಜಿ ಮಿಕ್ಕಿತು. ಬೆಳಿಗ್ಗೆಯ ಪುಂಡಿ (ಅಕ್ಕಿಯ ಕಡುಬು) ಸಾಕಾಗಲಿಲ್ಲ. ಅಡುಗೆಯ ಅಕ್ಕ ಹೇಳಿದ್ದರು, ನಾನು ಕೇಳಲಿಲ್ಲ.

ಡೆಸ್ಕ್ ಜೋಡಿಸಿ ಮಲಗಿಸಿದೆವು. ಹತ್ತಕ್ಕೆ ದೀಪ ಆರಿಸಿದರೂ ಹನ್ನೊಂದರವರೆಗೆ ಪಿಸುಪಿಸು. ಹನ್ನೊಂದೂವರೆಗೆ ನರ್ಸಕ್ಕ ಹೇಳಿದ ಪ್ರಕಾರ ಒಬ್ಬನನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಬೆಳಿಗ್ಗೆ ಎಲ್ಲ ಹಾಸಿಗೆಯೂ ಒಣಗಿತ್ತು.

ಒಂದು ಮುಕ್ಕಾಲಿಗೆ ಒಬ್ಬ ಬಂದು ನನ್ನ ಸೆರಗು ಎಳೆದ. ಎದ್ದೆ. "ಪೋಡಿಗೆ ಆಪುಂಡು" ಅಂದ. ಕರೆದುಕೊಂಡು ಹೊರಗೆ ಬಂದು ಮೆಟ್ಟಿಲಲ್ಲಿ ಕೂತೆವು. ಮಹಾವ್ಯಾಧ ತೆಂಗಿನಮರದ ಆಚೆ ಇಳಿದಿತ್ತು. ಅವನೇ ತೋರಿಸಿ "ಅರ್ಧ ಮುಗಿಯಿತು ಅಲ್ವಾ?" ಅಂದ. ಹತ್ತು ನಿಮಿಷದಲ್ಲಿ ಹೋಗಿ ಮಲಗಿದ.

ವಿಷಯ ಏನೆಂದರೆ, ಅವನದ್ದು ಮಲೆಯಾಳದ ಮನೆ.

ನಿವೃತ್ತ ಮಾಷ್ಟ್ರು, ಬದಿಯಡ್ಕ · ಅದೇ ದಿನ

ಅರೆ! ಮತ್ತೆ ತುಳುವಿನಲ್ಲಿ ಯಾಕೆ ಹೇಳಿದ? ನನ್ನ ಲೆಕ್ಕವೇ ತಪ್ಪಿತಲ್ಲ.

ಪೆರ್ಲ ಕಡೆಯ ಟೀಚರ್ · ಅದೇ ದಿನ

ಬೆಳಿಗ್ಗೆ ನಾನೂ ಕೇಳಿದೆ ಮಾಷ್ಟ್ರೇ. ಜೀರೋ ಬಲ್ಬಿನ ಬೆಳಕು ಚಾರ್ಟಿನ ತುಳು ಸಾಲಿಗೆ ಮಾತ್ರ ಬೀಳುತ್ತಿತ್ತಂತೆ. ಅವನು ಅದನ್ನು ನೋಡಿ ಓದಿದ್ದು.

ನಿವೃತ್ತ ಮಾಷ್ಟ್ರು, ಬದಿಯಡ್ಕ · ಅದೇ ದಿನ

ನಗು ತಡೆಯಲಿಕ್ಕಾಗುತ್ತಿಲ್ಲ. ಮನೆಯವಳು ಏನಾಯಿತು ಅಂತ ಬಂದು ನೋಡಿ ಹೋದಳು.

ಮುಳ್ಳೇರಿಯದ ಅಪ್ಪ · ಅದೇ ದಿನ

ಹೆಜ್ಜೆ ಎಣಿಸಿದ್ದು ಉಪಯೋಗಕ್ಕೆ ಬಂತಾ?

ಪೆರ್ಲ ಕಡೆಯ ಟೀಚರ್ · ಅದೇ ದಿನ

ಬಂತು, ಬೇರೆ ರೀತಿಯಲ್ಲಿ. ಹಗಲು 61 ಹೆಜ್ಜೆ ಇದ್ದವಳಿಗೆ ರಾತ್ರಿ 74 ಆಯಿತು. "ದಾರಿ ಉದ್ದ ಆಗಿದೆ" ಅಂತ ಬಂದು ದೂರು ಹೇಳಿದಳು. ಉಳಿದವರೂ ಎಣಿಸಿದರು, ಎಲ್ಲರಿಗೂ ಜಾಸ್ತಿಯೇ. ಯಾಕೆ ಅಂತ ನಾನು ಹೇಳಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಅದೇ ಮೊದಲ ಪ್ರಶ್ನೆ.

ಹೆಸರು ಬೇಡ · ಅದೇ ದಿನ

ಟೀಚರ್, ಒಣಗಿತ್ತು ಅಂತ ಬರೆದಿರಲ್ಲ. ಎರಡು ಸಲ ಓದಿದೆ.

ನೀರ್ಚಾಲಿನ ಅಮ್ಮ · ಅದೇ ದಿನ

ನನ್ನ ತಂಗಿಯ ಮಗಳು ನಿಮ್ಮ ಕ್ಲಾಸಿನವಳೇ ಅಂತ ಈಗ ಗೊತ್ತಾಯಿತು! ಅವಳ ಬ್ಯಾಗಿನಲ್ಲಿ ಯಾರದ್ದೋ ನೀಲಿ ಟವೆಲ್ ಬಂದಿದೆ. ಹೆಸರು ಬರೆದಿಲ್ಲ. ನಾನು ಡಿಸೆಂಬರಿನಲ್ಲೇ ಹೇಳಿದ್ದೆ.

ಹೆಸರು ಬೇಡ · ಅದೇ ದಿನ

ನಮ್ಮದು. ಅವಳ ಸ್ಟೀಲ್ ಚೊಂಬು ಇಲ್ಲಿದೆ. ನಾಳೆ ಮಗನ ಕೈಯಲ್ಲಿ ಕಳಿಸುತ್ತೇನೆ.